ಕೊನೆಯ ಹಗ್ಗ ಬಿಟ್ಟವನು

ತನಿಯಪ್ಪನಿಗೆ ಅರವತ್ತೆಂಟು ವರ್ಷ. ಅವನ ಬಲಮಂಡಿಗೆ ತೊಂಬತ್ತು ಆಗಿರಬೇಕು. ಮಲಯದ ತುದಿಯ ದ್ವೀಪದಲ್ಲಿ, ಸೆಂಬವಾಂಗಿನ ಧಕ್ಕೆಯಲ್ಲಿ ನಲವತ್ತೆಂಟು ವರ್ಷ ಹಡಗಿನ ಹಗ್ಗ ಎಳೆದು, ಸೊಂಟದೆತ್ತರದ ಕಬ್ಬಿಣದ ಗೂಟಕ್ಕೆ ಸಿಕ್ಕಿಸಿ, ಹಡಗು ಹೊರಡುವಾಗ ಬಿಡಿಸಿ, ಮಂಡಿಯೊಳಗಿನ ಮೆತ್ತೆಯೆಲ್ಲ ಸವೆದು ಎಲುಬಿಗೆ ಎಲುಬು ಉಜ್ಜುತ್ತಿತ್ತು. ಕಂಟೇನರಿನಲ್ಲಿ ಮಾಡಿದ ಆಫೀಸಿಗೆ ಏಳು ಕಬ್ಬಿಣದ ಮೆಟ್ಟಿಲು. ಆ ಮಂಗಳವಾರ ಬೆಳಿಗ್ಗೆ ಅವನು ನಾಲ್ಕನೆಯದರಲ್ಲಿ ನಿಂತು ಉಸಿರು ಬಿಟ್ಟ, ಉಳಿದ ಮೂರನ್ನು ಎಡಗಾಲಿನಲ್ಲೇ ಹತ್ತಿದ.

ಒಳಗೆ ಬಸವಕಿರಣ ಎರಡು ಪರದೆಗಳ ನಡುವೆ ಮುಖ ಹುದುಗಿಸಿ ಕೂತಿದ್ದ. ಇಳಕಲ್ಲಿನವನು, ಮೂವತ್ತೆರಡರ ಎಂಜಿನಿಯರು. ಯಾವ ಹಡಗಿಗೆ ಯಾವ ಗುಂಪು ಹಗ್ಗ ಹಿಡಿಯಬೇಕೆಂದು ಪಟ್ಟಿ ಹಾಕುವುದು ಅವನ ಕೆಲಸ.

"ಕೂತ್ಕೊಳಿ ಅಂಕಲ್ ಫಸ್ಟು. ನಿಮ್ಮನ್ನ ನೋಡಿದ್ರೆ ನನ್ ಮಂಡಿ ನೋಯತ್ತೆ."

"ಕೂತ್ರೆ ಏಳ್ಲಿಕ್ಕೆ ನೀನೇ ಎತ್ಬೇಕು. ಆ ಹಡಗು ಯಾವಾಗ ಬರ್ತದೆ, ಅದು ಹೇಳು ಮಾರಾಯ."

"ಯಾವ್ದು?"

"ನಾನು ಬಿಟ್ಟದ್ದು."

ಬಸವಕಿರಣ ನಕ್ಕ. ಧಕ್ಕೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಹುಚ್ಚು ಇದು. ಫೆಬ್ರವರಿ ಇಪ್ಪತ್ತಾರರಂದು ನೌಕಾಪಡೆಯೊಂದರ ಎಣ್ಣೆ ಹಡಗು ಇಲ್ಲಿಂದ ಹೊರಟಿತ್ತು, ಸಮುದ್ರದ ನಡುವೆ ಯುದ್ಧನೌಕೆಗಳಿಗೆ ಎಣ್ಣೆ ಹಂಚುವಂಥದ್ದು. ಯಾವ ದೇಶದ್ದು ಎಂಬುದು ದೊಡ್ಡ ಸಂಗತಿಯಲ್ಲ. ಎಲ್ಲ ದೇಶದವರೂ ಬಳಿಯುವುದು ಅದೇ ಬೂದು ಬಣ್ಣ. ಹತ್ತು ದಿನಕ್ಕೆ ವಾಪಸು ಎಂದು ಹೇಳಿ ಹೋದದ್ದು ಆರು ವಾರವಾದರೂ ಬಂದಿರಲಿಲ್ಲ. ಅಷ್ಟರಲ್ಲಿ ಟೀವಿಯವರು ದಿನಾ ಸಂಜೆ ಭೂಪಟ ಹರಡಿ ಬಾಣದ ಗುರುತು ಎಳೆದು, ಮೂರನೇ ಮಹಾಯುದ್ಧ ಶುರುವಾಯಿತೋ ಇಲ್ಲವೋ ಎಂದು ಕಿರುಚಾಡತೊಡಗಿದ್ದರು. ಕಾಫಿ ಅಂಗಡಿಯಲ್ಲಿ ಕೂತ ಮುದುಕರು ಅಕ್ಕಿ ತುಂಬಿಡಬೇಕೋ ಬೇಡವೋ ಎಂದು ಜಗಳಾಡುತ್ತಿದ್ದರು.

"ಇಟಿಎ ಅಪ್ಡೇಟ್ ಆಗಿದೆ," ಎಂದ ಬಸವಕಿರಣ. "ನೆಕ್ಸ್ಟ್ ಟ್ಯೂಸ್ಡೇ. ಏಪ್ರಿಲ್ ಫೋರ್ಟೀನ್ತ್, ಹನ್ನೊಂದೂವರೆಗೆ."

ತನಿಯಪ್ಪ ಕುರ್ಚಿ ಎಳೆದು ಕೂತೇಬಿಟ್ಟ.

ಹದಿನಾಲ್ಕಕ್ಕೇ ಅವನ ಮಂಡಿ ಕೊಯ್ಯುವ ದಿನ. ಎರಡು ಸಲ ಮುಂದೂಡಿದ್ದ, ಎರಡು ಸಲವೂ ಈ ಹಡಗಿಗಾಗಿ. ಮೂರನೇ ಸಲ ಬಿಟ್ಟರೆ ಪಟ್ಟಿಯ ಬುಡಕ್ಕೆ ಹೋಗುತ್ತೀರಿ, ಹನ್ನೊಂದು ತಿಂಗಳು, ಅಷ್ಟರಲ್ಲಿ ಕಾಲು ಸೊಟ್ಟಗಾದರೆ ನಮ್ಮನ್ನು ಕೇಳಬೇಡಿ ಎಂದು ಆಸ್ಪತ್ರೆಯ ಹುಡುಗಿ ನಯವಾಗಿಯೇ ಹೇಳಿದ್ದಳು.

"ನಿಮ್ ಗೇಟ್ ಪಾಸ್‌ಗೂ ಅವತ್ತೇ ಲಾಸ್ಟ್ ಡೇ, ಆಮೇಲೆ ರಿಟೈರ್. ಆರಾಮಾಗಿ ಆಪರೇಶನ್ ಮಾಡಿಸ್ಕೊಳಿ ಅಂಕಲ್. ನಾನ್ ಬೇರೆ ಗ್ಯಾಂಗ್ ಹಾಕ್ತೀನಿ."

"ಬೇಡ. ನನ್ನ ಹೆಸರು ಹಾಕು."

"ಆಪರೇಶನ್?"

"ಹಾಕು ಅಂದ್ನಲ್ಲ."

"ಏನ್ರೀ ಅಂಕಲ್, ಹುಚ್ಚು ಹಿಡದೇತೇನ್ರಿ ನಿಮಗ!" ಸಿಟ್ಟು ಬಂದಾಗ ಬಸವಕಿರಣನ ಬಾಯಿಯಿಂದ ಬೆಂಗಳೂರು ಜಾರಿ ಇಳಕಲ್ಲು ಹೊರಬೀಳುತ್ತಿತ್ತು. ಆದರೂ ಹೆಸರು ಹಾಕಿದ.

ಹಗ್ಗದವರಲ್ಲಿ ಹಿಂದಿನಿಂದ ಒಂದು ಕಟ್ಟಳೆ ಇತ್ತು. ಹೊರಡುವ ಹಡಗಿನ ಕೊನೆಯ ಹಗ್ಗವನ್ನು ಗೂಟದಿಂದ ಯಾರು ಬಿಡಿಸುತ್ತಾನೋ, ಅದು ಮರಳಿ ಬಂದಾಗ ಮೊದಲ ಹಗ್ಗವನ್ನು ಅವನೇ ಹಿಡಿಯಬೇಕು. ದೇವರು ದಿಂಡರ ಮಾತಲ್ಲ. ಹಗ್ಗ ಎಲ್ಲಿ ಸವೆದಿದೆ, ಯಾವುದು ಭಾರಕ್ಕೆ ಕಿರುಗುಟ್ಟುತ್ತದೆ ಎಂಬುದು ಬಿಚ್ಚಿದವನ ಕೈಗೆ ಗೊತ್ತಿರುತ್ತದೆ. ಬರೆಯಲು ಬಾರದವರು ಕಟ್ಟಿಕೊಂಡ ವ್ಯವಸ್ಥೆ ಅದು. ಕೂಲಿಗಳ ಲೆಕ್ಕಕ್ಕೆ ಸಾಹೇಬರು ಪುಸ್ತಕ ಇಟ್ಟಿದ್ದರು. ಹಗ್ಗದ ಸವೆತಕ್ಕೆ ಇಟ್ಟಿರಲಿಲ್ಲ.

ಈಗ ಎಲ್ಲದಕ್ಕೂ ಫಾರ್ಮು ಬಂದಿದೆ, ಪಾಯಾ ಲೆಬಾರಿನ ಹೆಡ್ಡಾಫೀಸಿನವರು ಅದಕ್ಕೊಂದು ಆ್ಯಪನ್ನೂ ಮಾಡಿಸಿದ್ದಾರೆ. ಕಟ್ಟಳೆ ಉಳಿದದ್ದು ತನಿಯಪ್ಪನೊಬ್ಬನಲ್ಲೇ. ಪಾಳಿ ಅದಲು ಬದಲು ಮಾಡಿಕೊಂಡು, ರಜೆ ಬಿಟ್ಟು, ಒಮ್ಮೆ ಮಗಳು ಜ್ಯೋತ್ಸ್ನಾಳ ಶಾಲೆಯ ಬಹುಮಾನದ ದಿನವನ್ನೂ ಬಿಟ್ಟು, ತಾನು ಬಿಟ್ಟ ಹಡಗನ್ನು ತಾನೇ ಹಿಡಿಯುತ್ತಿದ್ದ.

ಈ ಎಣ್ಣೆ ಹಡಗಿನ ಮಟ್ಟಿಗೆ ಇನ್ನೊಂದು ಸಂಗತಿ ಇತ್ತು. ಹೊರಡುವ ದಿನ ಹಿಂಭಾಗದಿಂದ ಓರೆಯಾಗಿ ಬರುವ ಹಗ್ಗವನ್ನು ಬಿಡಿಸಿದಾಗ, ಕುಣಿಕೆಯಿಂದ ಒಂದು ಮೊಳ ಮೇಲೆ ನೈಲಾನ್ ಎಳೆಗಳು ಉಜ್ಜಿದ ಬಿಸಿಗೆ ಕರಗಿ ಗಾಜಿನಂತೆ ಗಟ್ಟಿಯಾಗಿದ್ದವು. ಬೆರಳಿನಿಂದ ಒತ್ತಿದರೆ ಒಳಗೆ ಪೊಳ್ಳು. ಹಡಗಿನ ಮೇಲೆ ನಿಂತಿದ್ದ ನಾವಿಕನಿಗೆ ಅವನು ಕೈಯಾಡಿಸಿ ತೋರಿಸಿದ್ದ. ವಿದಾಯ ಹೇಳುತ್ತಿದ್ದಾನೆ ಎಂದುಕೊಂಡು ಆ ನಾವಿಕ ಹೆಬ್ಬೆರಳೆತ್ತಿ ನಕ್ಕು ಒಳಗೆ ಹೋಗಿದ್ದ.

ತನಿಯಪ್ಪ ಫಾರ್ಮು ತುಂಬಲಿಲ್ಲ, ಯಾರಿಗೂ ಹೇಳಲಿಲ್ಲ. ಹತ್ತು ದಿನಕ್ಕೆ ಬರುತ್ತದೆ, ಹಿಡಿಯುವವನು ನಾನೇ, ಹೇಳುವುದು ಎಂಥ ಎಂದುಕೊಂಡಿದ್ದ.

ಅಂಥ ಹಗ್ಗ ಭಾರಕ್ಕೆ ತುಂಡಾದರೆ ಏನಾಗುತ್ತದೆಂದು ಅವನಿಗೆ ತಿಳಿಯದ್ದಲ್ಲ. ತೊಂಬತ್ತೆಂಟರಲ್ಲಿ ಜೊತೆಯವನಾಗಿದ್ದ ಹಂಝಾನ ಎರಡೂ ಕಾಲು ಹೋದದ್ದು ಹಾಗೆಯೇ. ಶಬ್ದ ಕೇಳಿ ತಿರುಗುವಷ್ಟರಲ್ಲಿ ಮುಗಿದಿತ್ತು. ಹಂಝಾ ಬಿದ್ದಲ್ಲಿಂದಲೇ, ನನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ್ದ.

ತನಿಯಪ್ಪನ ಹಟಕ್ಕೆ ಮೂಲ ಅವನ ಅಜ್ಜ ಐತಪ್ಪ. ಪಡುಬಿದ್ರಿಯವನು. ಮೂವತ್ತಾರನೇ ಇಸವಿಯಲ್ಲಿ ಹೆಂಡತಿ ಅಕ್ಕುವನ್ನೂ ನಾಲ್ಕು ವರ್ಷದ ಮಗನನ್ನೂ ಕರೆದುಕೊಂಡು ಬ್ರಿಟಿಷರ ನೌಕಾನೆಲೆಗೆ ಬಂದ. ಅದೇ ಸೆಂಬವಾಂಗ್, ಅದೇ ನೀರು. ಅಷ್ಟು ದೊಡ್ಡ ನೆಲೆ ಕಟ್ಟಿದವರ ಬಳಿ ಅದರಲ್ಲಿ ನಿಲ್ಲಿಸಲು ದೊಡ್ಡ ಹಡಗುಗಳೇ ಇರಲಿಲ್ಲ. ಬಂದದ್ದು ನಲವತ್ತೊಂದರ ಡಿಸೆಂಬರ್ ಎರಡಕ್ಕೆ, ಪ್ರಿನ್ಸ್ ಆಫ್ ವೇಲ್ಸ್ ಎಂಬ ಮಹಾ ಹಡಗು, ಜೊತೆಗೆ ರಿಪಲ್ಸ್, ನಾಲ್ಕು ಚಿಕ್ಕ ಯುದ್ಧನೌಕೆಗಳು. ಪತ್ರಿಕೆಯವರು ಫೋಟೋ ಹೊಡೆದರು, ಬ್ಯಾಂಡು ಊದಿದರು, ಇನ್ನು ಜಪಾನಿಗಳು ಬಾಲ ಮುದುರಿದರು ಎಂದು ಸಾಹೇಬರು ಗ್ಲಾಸು ಎತ್ತಿದರು. ಆರು ದಿನ ಕಳೆಯುವಷ್ಟರಲ್ಲಿ ನಸುಕಿನಲ್ಲಿ ಪೇಟೆಯ ಮೇಲೆ ಬಾಂಬು ಬಿತ್ತು. ಆ ಸಂಜೆ, ಬೆಳಕಿರುವಾಗಲೇ, ಎರಡೂ ದೊಡ್ಡ ಹಡಗುಗಳು ನಾಲ್ಕು ಚಿಕ್ಕವುಗಳ ಜೊತೆ ಹೊರಟವು. ಮಹಾ ಹಡಗಿನ ಕೊನೆಯ ಹಗ್ಗ ಬಿಡಿಸಿದವನು ಐತಪ್ಪ.

ಹತ್ತನೇ ತಾರೀಕು ಮಧ್ಯಾಹ್ನ ಎರಡೂ ದೊಡ್ಡ ಹಡಗುಗಳು ಮಲಯದ ಪೂರ್ವ ಕರಾವಳಿಯಾಚೆ ಮುಳುಗಿದವು. ಕಾಪಾಡಲು ಒಂದು ವಿಮಾನವೂ ಜೊತೆಯಲ್ಲಿರಲಿಲ್ಲ. ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರನ್ನು ತುಂಬಿಕೊಂಡು ಚಿಕ್ಕ ನೌಕೆಗಳು ವಾಪಸು ಬಂದಾಗ, ಎಣ್ಣೆ ಮೆತ್ತಿ ಕಪ್ಪಗಾದ ಬಿಳಿಯರನ್ನು ಕೂಲಿಗಳು ಮೊದಲ ಬಾರಿಗೆ ಕಂಡರು. ಐತಪ್ಪ ಆ ನೌಕೆಗಳ ಹಗ್ಗ ಮುಟ್ಟಲಿಲ್ಲ. ನಾನು ಬಿಟ್ಟದ್ದು ಇವಲ್ಲ ಎಂದ.

ಜನವರಿ ಮುಗಿಯುವಾಗ ನೌಕಾಪಡೆಯ ಸಾಹೇಬರು ನೆಲೆಯನ್ನೇ ಬಿಟ್ಟು ಹಡಗು ಹತ್ತಿ ನಡೆದರು. ನೀವೇನು ಮಾಡುತ್ತೀರಿ ಎಂದು ಕೂಲಿ ಲೈನಿನ ಸಾಲುಮನೆಗಳಿಗೆ ಬಂದು ಯಾರೂ ಕೇಳಲಿಲ್ಲ. ಎಲ್ಲರೂ ಓಡಿದ ಮೇಲೂ ಐತಪ್ಪ ದಿನಾ ಹೋಗಿ ಅದೇ ಗೂಟದ ಬಳಿ ನಿಲ್ಲುತ್ತಿದ್ದ. ಜಪಾನಿಗಳು ಬಂದು ಬಂದೂಕಿನ ಹಿಡಿಯಿಂದ ಗುದ್ದಿ ಓಡಿಸುವವರೆಗೆ ನಿಂತ. ಮನೆಯಲ್ಲಿ ಹೇಳುತ್ತಿದ್ದ ಕತೆ ಇದು. ತನಿಯಪ್ಪನ ಅಪ್ಪ ಹೇಳುತ್ತಿದ್ದ, ಎಂಬತ್ತಮೂರನೇ ಇಸವಿಯಲ್ಲಿ ಸಾಯುವವರೆಗೂ ಅಜ್ಜನೂ ಹೇಳುತ್ತಿದ್ದ. ಹೇಳುವಾಗ ಅವನ ಎದೆ ಉಬ್ಬುತ್ತಿತ್ತು. ಬ್ರಿಟಿಷರು ಎಪ್ಪತ್ತೊಂದರಲ್ಲಿ ಎರಡನೇ ಸಲ ಬಿಟ್ಟು ಹೋದರು, ನೆಲೆ ಹಡಗು ರಿಪೇರಿಯ ಜಾಗವಾಯಿತು, ಒಂದು ಮೂಲೆ ಮಾತ್ರ ಬೂದು ಹಡಗುಗಳಿಗೆ ಉಳಿಯಿತು. ಅಪ್ಪನೂ ಅಲ್ಲೇ ದುಡಿದ. ತನಿಯಪ್ಪನೂ ಇಪ್ಪತ್ತಕ್ಕೆ ಅಲ್ಲೇ ಸೇರಿದ. ಕೊಲ್ಲಿ ಯುದ್ಧದ ಹೊತ್ತಿಗೆ, ಆಮೇಲಿನವುಗಳ ಹೊತ್ತಿಗೆ, ಯಾವ ಹಡಗು ಎಲ್ಲಿಗೆ ಹೋಗುತ್ತದೆಂದು ಯಾರೂ ಹೇಳುತ್ತಿರಲಿಲ್ಲ. ಹೋಗುವಾಗ ಭಾರಕ್ಕೆ ತಗ್ಗಿರುತ್ತಿದ್ದವು, ಬರುವಾಗ ಹಗುರಾಗಿ ಎತ್ತರಕ್ಕೆ ತೇಲುತ್ತಿದ್ದವು. ಯುದ್ಧದ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಬುಧವಾರ ಅವನು ಆಸ್ಪತ್ರೆಗೆ ಫೋನು ಹಚ್ಚಿದ. ಒಂದು ಒತ್ತಿ, ಎರಡು ಒತ್ತಿ ಎಂದಿತು. ಒತ್ತಿದ. ಹಾಡು ಕೇಳಿಸಿತು. ಕಟ್ ಮಾಡಿದ. ಗುರುವಾರವೂ ಅಷ್ಟೇ. ಕಾಲು ಬೇಡ ಎಂದು ತಾನೇ ಬಾಯಿಬಿಟ್ಟು ಹೇಳುವುದು ಅವನಿಗೂ ಸುಲಭವಾಗಲಿಲ್ಲ. ಹೋಗದಿದ್ದರಾಯಿತು, ಅವರೇ ತಿಳಿದುಕೊಳ್ಳುತ್ತಾರೆ ಎಂದುಕೊಂಡ.

ಸೋಮವಾರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕೆಲಸದ ಬೂಟುಗಳನ್ನು ಒರೆಸಿ ಬಾಗಿಲ ಪಕ್ಕ ಇಟ್ಟ. ಹೆಂಡತಿ ಸ್ವರ್ಣಲತಾ ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಕಟಪಾಡಿಯವಳು, ಎಂಬತ್ತಾರರಲ್ಲಿ ಮದುವೆಯಾಗಿ ಬಂದವಳು. ಮನೆಯ ಮಾತು ತುಳು, ಅದರಲ್ಲಿ ಅವಳದ್ದು ಖಾರ ಹೆಚ್ಚು. ಬೂಟು ನೋಡಿದಳು. ಮೀನಿನ ತಲೆ ತೆಗೆದಳು.

"ಆಸ್ಪತ್ರೆಗೆ ಬೂಟು ಹಾಕಿಕೊಂಡು ಹೋಗ್ಲಿಕ್ಕುಂಟಾ?"

ತನಿಯಪ್ಪ ಬೂಟಿನ ಲೇಸು ಒಳಗೆ ತುರುಕಿದ.

"ಜ್ಯೋತ್ಸ್ನಾ ಟ್ಯಾಕ್ಸಿ ಬುಕ್ ಮಾಡಿ ಆಯ್ತು, ಆರೂವರೆಗೆ. ಡ್ರೈವರಿನ ಹತ್ರ ಎಂತ ಹೇಳುದು? ಇವರು ಹಡಗಿಗೆ ಮದುಮಗ, ಬಂದರಿಗೆ ಬಿಡಿ ಅಂತಲಾ?"

"ಒಂದು ದಿವಸದ್ದು ಮಾರಾಯ್ತಿ. ಹಿಡಿದು ಬರ್ತೇನೆ, ಮುಗೀತು. ನಾಡಿದ್ದಿನಿಂದ ನನ್ನ ಕಾಲು ನಿನ್ನದೇ, ಏನು ಬೇಕಾದ್ರೂ ಮಾಡು."

"ನಾಡಿದ್ದು ಕಾಲನ್ನು ಯಾರು ಮುಟ್ತಾರೆ? ಹನ್ನೊಂದು ತಿಂಗಳು."

"ಅಜ್ಜ ಬಾಂಬು ಬೀಳುವಾಗ ನಿಂತಿದ್ರು."

ಸ್ವರ್ಣಲತಾ ಕತ್ತಿಯನ್ನು ಕೆಳಗಿಟ್ಟಳು. ಕೈ ತೊಳೆಯಲಿಲ್ಲ. ಹಾಗೇ ಬಂದು ಎದುರು ನಿಂತಳು.

"ನಿಂತಿದ್ರು. ಯಾಕೆ ನಿಂತದ್ದು ಗೊತ್ತುಂಟಾ ನಿಮಗೆ? ಜ್ಯೋತ್ಸ್ನಾ ಹೊಟ್ಟೆಯಲ್ಲಿರುವಾಗ ಅಜ್ಜಿ ನನಗೆ ಹೇಳಿದ್ರು. ಅವರಿಗೊಂದು ಹೆಣ್ಣು ಕೂಸು ಇತ್ತು, ಇಲ್ಲಿಯೇ ಹುಟ್ಟಿದ್ದು. ಎರಡು ವರ್ಷದ್ದು."

"ಜ್ವರ ಬಂದು ಹೋದದ್ದು. ಗೊತ್ತುಂಟು."

"ಜ್ವರ ಆಮೇಲೆ. ಮೊದಲು ಹಸಿವು. ಆ ಜನವರಿಯಲ್ಲಿ ಊರಿಗೆ ಹೋಗುವ ಹಡಗಿಗೆ ಒಬ್ಬ ಗುಮಾಸ್ತ ಇವರ ನಾಲ್ಕು ಜನಕ್ಕೂ ಚೀಟಿ ಮಾಡಿಸಿ ಕೊಟ್ಟಿದ್ದನಂತೆ. ಅಜ್ಜಿ ಗಂಟು ಕಟ್ಟಿ, ಮಕ್ಕಳಿಗೆ ಅಂಗಿ ತೊಡಿಸಿ, ಲೈನಿನ ಗೇಟಿನಲ್ಲಿ ನಿಂತಿದ್ರು. ನಿಮ್ಮ ಅಜ್ಜ ಬಂದು ಎಂತ ಹೇಳಿದ್ರು ಗೊತ್ತುಂಟಾ? ನಾನು ಹೋದ್ರೆ ಆ ಹಗ್ಗ ಯಾರು ಹಿಡಿಯುದು ಅಂತ. ಮುಳುಗಿದ ಹಡಗಿಗೆ ಎಂತ ಹಗ್ಗ ಹಿಡೀತೀರಿ ಅಂತ ಅಜ್ಜಿ ಕೇಳಿದ್ರು. ಕೆನ್ನೆಗೆ ಹೊಡೆದ್ರಂತೆ."

ಫ್ಯಾನು ತಿರುಗುತ್ತಿತ್ತು. ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಕಟ್ಟಡದ ಬುಡದ ತೆರೆದ ಜಾಗದಲ್ಲಿ, ಯಾರೋ ಚೆಂಡು ಒದೆಯುತ್ತಿದ್ದರು.

"ಅಜ್ಜನಿಗೆ ಮುಳುಗಿದ್ದು ಗೊತ್ತಿರ್ಲಿಲ್ಲ," ಎಂದ ತನಿಯಪ್ಪ. "ಯಾರೂ ಸರಿಯಾಗಿ ಹೇಳಿರ್ಲಿಲ್ಲ ಅವರಿಗೆ."

"ಎಣ್ಣೆ ಮೆತ್ತಿಕೊಂಡವರನ್ನು ಹೆಗಲ ಮೇಲೆ ಹೊತ್ತು ಇಳಿಸಿದವರು ಅವರು. ಆ ಅಂಗಿ ಒಗೆದದ್ದು ಅಜ್ಜಿ. ಗೊತ್ತಿರ್ಲಿಲ್ಲವಂತೆ!"

"ಮೂವತ್ತೆಂಟು ವರ್ಷ ನೀನು ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ನಿಮಗೆ ಬೇಕಿದ್ದದ್ದು ಹಡಗಿನ ಕತೆ."

ಅವಳು ಹೋಗಿ ಮೀನು ತೊಳೆದಳು. ಸಾರು ಕುದಿಯಿತು. ಇಬ್ಬರೂ ಉಂಡರು. ಬೂಟು ಅಲ್ಲೇ ಇತ್ತು.

ಮಂಗಳವಾರ ಆರೂವರೆಗೆ ಟ್ಯಾಕ್ಸಿ ಬಂದಾಗ ತನಿಯಪ್ಪ ಚಪ್ಪಲಿ ಮೆಟ್ಟಿ ಹೊರಟ. ಸ್ವರ್ಣಲತಾ ಡ್ರೈವರಿಗೆ ಆಸ್ಪತ್ರೆಯ ಹೆಸರು ಹೇಳಿದಳು. ಅವನು ಕಿಟಕಿಯಾಚೆ ನೋಡುತ್ತ ಕೂತ. ಬಂದರಿನ ಕಡೆಯ ತಿರುವು ಹಿಂದೆ ಸರಿಯಿತು. ದೊಡ್ಡದೇನೂ ಆಗಲಿಲ್ಲ, ಮಂಡಿ ಮಾತ್ರ ನೋಯುತ್ತಿತ್ತು. ಮೈಯೆಲ್ಲ ದಣಿದು ಹೋಗಿತ್ತು, ನಿದ್ದೆಯಿಂದ ಹೋಗುವ ದಣಿವಲ್ಲ ಅದು.

ಆಸ್ಪತ್ರೆಯಲ್ಲಿ ಹಿಂದೆ ಗಂಟು ಹಾಕುವ ನಿಲುವಂಗಿ ಕೊಟ್ಟರು. ಕೊಯ್ಯಬೇಕಾದ ಕಾಲಿನ ಮೇಲೆ ನೀಲಿ ಶಾಯಿಯಲ್ಲಿ ಬಾಣ ಬರೆದರು, ಟೀವಿಯ ಭೂಪಟದಲ್ಲಿ ಬರೆಯುವಂತೆಯೇ. ಗೋಡೆಯ ಗಡಿಯಾರ ಒಂಬತ್ತೂ ಐವತ್ತು ತೋರಿಸುತ್ತಿತ್ತು. ನಾನಿಲ್ಲದಿದ್ದರೆ ಆ ಓರೆ ಹಗ್ಗ ಯಾರ ಕೈಗೆ ಹೋಗುತ್ತದೆ ಎಂದು ಯೋಚಿಸಿದ. ಸೇಲಂ ಕಡೆಯ ಇಬ್ಬರು, ಬಾಂಗ್ಲಾದ ಮೂವರು. ಅವರಲ್ಲಿ ರಫೀಕುಲ್ ಯಾವಾಗಲೂ ಹಗ್ಗದ ನೇರಕ್ಕೇ ನಿಲ್ಲುತ್ತಾನೆ, ಎಷ್ಟು ಬೈದರೂ ನಿಲ್ಲುತ್ತಾನೆ. ಹಂಝಾ ನಿಂತದ್ದೂ ಹಾಗೆಯೇ.

"ನನ್ನ ಫೋನು ಕೊಡು," ಎಂದ ಪಕ್ಕದಲ್ಲಿ ಕೂತಿದ್ದ ಸ್ವರ್ಣಲತಾಳಿಗೆ.

"ನರ್ಸ್ ತೆಗೆದಿಡ್ಲಿಕ್ಕೆ ಹೇಳಿದ್ದಾರೆ."

"ಕೊಡು ಅಂದೆ."

ಬಸವಕಿರಣ ಎತ್ತಲಿಲ್ಲ. ಇನ್ನೊಮ್ಮೆ. ಎತ್ತಲಿಲ್ಲ. ನರ್ಸು ಬಂದು ಗಾಲಿಮಂಚದ ಕೊಕ್ಕೆ ಬಿಡಿಸಿದಳು. ಅಂಕಲ್, ಟೈಮ್ ಆಯ್ತು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಎರಡು ನಿಮಿಷ ಎಂದು ತನಿಯಪ್ಪ ಬೆರಳೆತ್ತಿದ. ಐದನೇ ಸಲಕ್ಕೆ ಬಸವಕಿರಣ ಎತ್ತಿದ.

"ಅಂಕಲ್, ಮೀಟಿಂಗಲ್ಲಿದೀನಿ. ಎಲ್ಲಿದೀರ? ಗ್ಯಾಂಗ್ ರೆಡಿ ಇದೆ, ನೀವೊಬ್ರೇ..."

"ಆಸ್ಪತ್ರೆಯಲ್ಲಿದ್ದೇನೆ. ನಾನು ಬರುದಿಲ್ಲ. ನೀನು ಬಾಯಿ ಮುಚ್ಚಿ ಕೇಳು. ಹಿಂದಿನ ಓರೆ ಹಗ್ಗ ಉಂಟಲ್ಲ, ಕುಣಿಕೆಯಿಂದ ಒಂದು ಮೊಳ ಮೇಲೆ ಸತ್ತಿದೆ. ಒಳಗೆ ಪೊಳ್ಳು. ಅದಕ್ಕೆ ಭಾರ ಹಾಕ್ಲೇ ಬಾರ್ದು. ಹಡಗಿನವರಿಗೆ ರೇಡಿಯೋದಲ್ಲಿ ಹೇಳು, ಬೇರೆ ಹಗ್ಗ ಕೊಡ್ಲಿಕ್ಕೆ. ರಫೀಕುಲನನ್ನು ಗೂಟದ ಹಿಂದೆ ನಿಲ್ಲಿಸು, ನೇರಕ್ಕೆ ಬೇಡ. ಬರ್ಕೊಂಡ್ಯಾ?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಯಾವಾಗ ನೋಡಿದ್ರಿ ಇದನ್ನ?"

"ಬಿಡುವಾಗ. ಫೆಬ್ರವರಿಯಲ್ಲಿ."

"ಫೆಬ್ರವರಿ? ಆರು ವಾರ ಅಂಕಲ್! ರಿಪೋರ್ಟ್ ಯಾಕೆ ಮಾಡ್ಲಿಲ್ಲ? ಹಡಗು ಬೇರೆ ಪೋರ್ಟಲ್ಲಿ ಅದೇ ಹಗ್ಗ ಹಾಕಿದ್ರೆ? ಯಾರಾದ್ರೂ ಸತ್ತಿದ್ರೆ ಏನ್ ಮಾಡ್ತಿದ್ರಿ?"

ಬೇರೆ ಬಂದರು. ತನಿಯಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಅವನ ಲೆಕ್ಕದಲ್ಲಿ ಹಡಗು ಅವನ ಗೂಟ ಬಿಟ್ಟು ಹೋಗುತ್ತದೆ, ಅವನ ಗೂಟಕ್ಕೆ ಬರುತ್ತದೆ, ನಡುವೆ ಬರೀ ನೀರು. ಆರು ವಾರ ಅದು ಎಷ್ಟು ಕಡೆ ನಿಂತಿತೋ, ಎಷ್ಟು ಜನ ಕೂಲಿಗಳು ಆ ಸತ್ತ ಹಗ್ಗದ ನೇರಕ್ಕೆ ನಿಂತರೋ.

"ಹೌದು," ಎಂದ. "ಮಾಡ್ಲಿಲ್ಲ. ತಪ್ಪು ನನ್ನದೇ. ಈಗ ಹೋಗಿ ಹೇಳು ಅವರಿಗೆ."

ನರ್ಸು ಫೋನು ತೆಗೆದು ಸ್ವರ್ಣಲತಾಳ ಕೈಗೆ ಕೊಟ್ಟಳು. ಗಾಲಿಮಂಚ ಚಲಿಸಿತು. ಚಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಹೋದವು. ಬಸವಕಿರಣ ಕೆಳಗಿಳಿದು ಹೋದನೋ, ಮೀಟಿಂಗಿಗೇ ಮರಳಿದನೋ ತಿಳಿಯಲಿಲ್ಲ. ಬೆನ್ನಿಗೆ ಚುಚ್ಚಿದರು. ಸೊಂಟದಿಂದ ಕೆಳಗೆ ಅವನದೇ ಕಾಲುಗಳು ಬೇರೆ ಯಾರದ್ದೋ ಆದವು. ಪರದೆಯಾಚೆ ಗರಗಸದ ಸದ್ದು, ಸುತ್ತಿಗೆಯ ಸದ್ದು. ರಿಪೇರಿ ಧಕ್ಕೆಯಲ್ಲಿ ಕೇಳಿಸುವ ಸದ್ದಿಗೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ.

ವಾರ್ಡಿಗೆ ತಂದಾಗ ಎರಡು ಗಂಟೆ. ಸ್ವರ್ಣಲತಾ ಫೋನನ್ನು ಅವನ ಕಣ್ಣೆದುರು ಹಿಡಿದಳು. ಒಂದು ಫೋಟೋ ಬಂದಿತ್ತು. ಸಿಮೆಂಟಿನ ನೆಲದ ಮೇಲೆ ಕತ್ತರಿಸಿ ಬಿಸಾಡಿದ ಹಗ್ಗದ ತುಂಡು, ಬಾಯಿ ತೆರೆದ ಕುಣಿಕೆ, ಸುತ್ತ ಉದುರಿದ ಬಿಳಿ ಪುಡಿ. ಪಕ್ಕದಲ್ಲಿ ಯಾರದೋ ಬೂಟು ತೊಟ್ಟ ಎರಡು ಕಾಲು. ಕೆಳಗೆ ಬಸವಕಿರಣನ ದನಿಯ ಸಂದೇಶ.

"ಅಂಕಲ್, ಹನ್ನೊಂದು ನಲವತ್ತಕ್ಕೆ ಕಟ್ಟಿದ್ವಿ. ಬೇರೆ ಹಗ್ಗ ಕೊಟ್ರು. ಹಳೇದು ಕಟ್ ಮಾಡಿ ನೋಡಿದ್ವಿ, ಒಳಗೆ ಏನೂ ಉಳದಿಲ್ರೀ, ಬರೇ ಪುಡಿ. ಹೆಡ್ಡಾಫೀಸಿನೋರು ರೈಟಿಂಗಲ್ಲಿ ಎಕ್ಸ್‌ಪ್ಲನೇಶನ್ ಕೇಳಿದಾರೆ. ಗುಣ ಆದ್ಮೇಲೆ ಬರೀರಿ. ಇಲ್ಲ, ನಾನೇ ಬರೀತೀನಿ, ನೀವ್ ಸೈನ್ ಹಾಕಿ. ಶುಕ್ರವಾರ ಮತ್ತೆ ಹೊರಡತ್ತೆ. ಎಲ್ಲಿಗೆ ಅಂತ ಹೇಳಿಲ್ಲ."

ತನಿಯಪ್ಪ ಫೋಟೋದಲ್ಲಿದ್ದ ಕಾಲುಗಳನ್ನೇ ನೋಡಿದ. ಎರಡೂ ಇದ್ದವು.

"ಯಾರಂತೆ ಹಿಡಿದದ್ದು?" ಸ್ವರ್ಣಲತಾ ಡಬ್ಬಿಯಿಂದ ಗಂಜಿ ಬಗ್ಗಿಸುತ್ತ ಕೇಳಿದಳು.

"ಗೊತ್ತಿಲ್ಲ. ಕೇಳ್ಲಿಲ್ಲ."

ಅವಳು ಒಂದು ಚಮಚ ಬಾಯಿಗಿಟ್ಟಳು. ಅವನು ನುಂಗಿ, ಆ ಕೂಸಿನ ಹೆಸರು ಏನಿತ್ತು ಎಂದು ಕೇಳಿದ.

"ಸುಬ್ಬಿ," ಎಂದಳು ಸ್ವರ್ಣಲತಾ.

"ಗಂಜಿಗೆ ಉಪ್ಪು ಹಾಕ್ಲಿಲ್ಲ ನೀನು."

"ಆಸ್ಪತ್ರೆಯವರು ಬೇಡ ಅಂದದ್ದು. ತಿನ್ನಿ ಸುಮ್ಮನೆ."